ಮೂರನೇ ಗೇರಿನ ಅಳು

ಹರಾಜಿನಲ್ಲಿ ಸಿಕ್ಕಿದ್ದು ಅರವತ್ತೆರಡು ಸಾವಿರಕ್ಕೆ.
ಸಂಡೂರಿನ ಮುಚ್ಚಿದ ಗಣಿಯ ಅಂಗಳದಿಂದ
ಲಾರಿಯ ಬೆನ್ನೇರಿ ಬಂತು ಜೀಪು.
ಬಾಗಿಲಿಲ್ಲ, ಬ್ಯಾಟರಿಯಿಲ್ಲ,
ಸೀಟಿನ ಸ್ಪಂಜಿನೊಳಗೆ ಇಲಿಯ ಸಂಸಾರ.

ನಾನು ಕೌಲ್ ಬಜಾರಿನಲ್ಲಿ ಜೀನ್ಸ್ ಕಟಿಂಗ್ ಮಾಸ್ಟರ್.
ವಾರವೆಲ್ಲ ನೂರು ಪದರ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ:
ಒಂದೇ ಕಾಲು, ಒಂದೇ ಸೊಂಟ,
ನೂರು ಜನಕ್ಕೆ.
ಅದಕ್ಕೇ ಇರಬೇಕು, ಭಾನುವಾರ ಬಂತೆಂದರೆ
ಲೋಕದಲ್ಲಿ ಒಂದೇ ಒಂದು ಇರುವಂಥದ್ದನ್ನು
ಮಾಡಬೇಕೆನಿಸುವುದು.

ಮೋಕಾ ರಸ್ತೆಯಲ್ಲಿ ದಸ್ತಗಿರಿಯ ಶೆಡ್ಡು.
ಅಲ್ಲಿ ಬೇವಿನ ಮರವೇ ಕ್ರೇನು.
ಕೊಂಬೆಯ ಚೈನಿಗೆ ಎಂಜಿನ್ ತೂಗಿಬಿದ್ದಾಗ
ಬೀಡಿ ಆರಿಸಿ ಹೇಳಿದ:
'ಮಾಸ್ಟ್ರೇ, ಇದು ರಿಪೇರಿ ಅಲ್ಲ, ಚಟ.
ರಿಪೇರಿಗೆ ಕೊನೆ ಅಂತ ಒಂದು ಐತೆ.'

ಮೊದಲು ತೊಳೆದೆವು.
ಚಾಸಿಯ ತೂತುಗಳಿಂದ ಕೆಂಪು ನೀರು.
ಎರಡನೇ ಸಲ, ಕೆಂಪು.
ಏಳನೇ ಸಲವೂ.
ಗಣಿ ಮುಚ್ಚಿದರೇನು, ಇದರ ಪಕ್ಕೆಲುಬಿನೊಳಗೆ
ಅದಿರು ಇನ್ನೂ ಸಾಗುತ್ತಲೇ ಇತ್ತು
ಪರ್ಮಿಟ್ಟಿಲ್ಲದೆ.

ಆಮೇಲೆ, ಚೀಟಿ ಎತ್ತಿದಾಗಲೆಲ್ಲ ಒಂದೊಂದು ಅಂಗ.
ಹಿಂದಿನ ಪಟ್ಟಾಗಳಿಗೆ ಎರಡೆರಡು ಎಲೆ ಹೆಚ್ಚು, ಮೂರಿಂಚು ಎತ್ತರ.
ಹೊಸಪೇಟೆಯ ಗುಜರಿಯಿಂದ ಪವರ್ ಸ್ಟೇರಿಂಗು.
ನಾಲ್ಕರ ಜಾಗಕ್ಕೆ ಐದು ಗೇರಿನ ಬಾಕ್ಸು.
ಬಂಪರಿಗೊಂದು ವಿಂಚು.

ಸ್ನಾರ್ಕೆಲ್ ಕೂರಿಸಿದ ದಿನ ಯರ್ರೆಮ್ಮ ಬುತ್ತಿ ತಂದವಳು
ಅದನ್ನು ಮುಟ್ಟಿ ಮುಟ್ಟಿ ನೋಡಿ ಕೇಳಿದಳು,
'ಜೀಪಿಗ್ಯಾಕೆ ಸೊಂಡಿಲು?'
ಎದೆಮಟ್ಟ ನೀರು ದಾಟುವಾಗ ಉಸಿರಾಡೋಕೆ, ಅಂದೆ.
ಬಳ್ಳಾರಿಯ ಆಕಾಶವನ್ನೊಮ್ಮೆ ನೋಡಿದಳು.
'ನಮ್ಮ ಬೀದಿ ನಲ್ಲಿ ಬರೋದು ಹತ್ತು ದಿನಕ್ಕೊಂದ್ಸಲ.
ಅದನ್ನ ದಾಟ್ತೀರೇನು?'

ಹುಡ್ಡು ಮಾತ್ರ ನನ್ನದೇ ಕೈ.
ದಪ್ಪ ಡೆನಿಮ್ಮು, ಎರಡು ಪದರ,
ಹೊಲಿಗೆ ಕೂಡುವಲ್ಲೆಲ್ಲ ತಾಮ್ರದ ರಿವೆಟ್ಟು,
ಹಿಂಬದಿಗೆ, ಯಾಕೋ ಗೊತ್ತಿಲ್ಲ, ಒಂದು ಜೇಬು.

ಹಗರಿಯ ಒಣ ಪಾತ್ರಕ್ಕೆ ಇಳಿಸಿದೆವು,
ಟೈರಿನ ಗಾಳಿ ಅರ್ಧ ಬಿಟ್ಟು.
ಎರಡು ನಿಮಿಷ ರಾಜನಂತೆ ಓಡಿ
ಮೂರನೆಯದಕ್ಕೆ ಆಕ್ಸಲ್ಲಿನವರೆಗೂ ಹೂತಿತು.
ವಿಂಚಿನ ಹಗ್ಗ ಹಿಡಿದು ನಿಂತೆ. ಎಲ್ಲಿಗೆ ಕಟ್ಟಲಿ?
ಕಣ್ಣು ಹೋದಷ್ಟು ದೂರ ಮರಳು.
ಕೊನೆಗೆ ಸ್ಟೆಪ್ನಿಯನ್ನೇ ಗುಂಡಿ ತೋಡಿ ಹೂತು
ಅದಕ್ಕೆ ಕಟ್ಟಿ ಎಳೆದುಕೊಂಡೆವು.
ತನ್ನದೇ ಚಕ್ರಕ್ಕೆ ಜೋತುಬಿದ್ದು
ತಾನೇ ಮೇಲೆದ್ದು ಬಂತು. ಆ ರಾತ್ರಿ
ಯಾರಿಗೆ ಹೇಳಿದರೂ ನಂಬಲಿಲ್ಲ.

ಒಂದು ಸಂಜೆ ಶೆಡ್ಡಿಗೆ ಒಬ್ಬರು ಬಂದರು,
ಕೈಯಲ್ಲಿ ಮೊಪೆಡ್ಡಿನ ತೂತುಬಿದ್ದ ಟ್ಯೂಬು.
ಗಾದಿಲಿಂಗಪ್ಪ. ಸರ್ವೇ ಸಾಹೇಬರಿಗೆ
ಹದಿಮೂರು ವರ್ಷ ಇದನ್ನೇ ಓಡಿಸಿದವರು.
ನಂಬರ್ ಪ್ಲೇಟು ಓದಿ, ಸುತ್ತ ಒಂದು ಸುತ್ತು ಬಂದರು.

'ಮೂರನೇ ಗೇರಿಗೆ ಅಳ್ತೈತಾ ಇನ್ನೂ?'
ಬಾಕ್ಸೇ ಬದಲಿಸಿದ್ದೀವಿ.
'ಎಡಕ್ಕೆ ಎಳೀತಿತ್ತು.'
ಈಗ ಒಂದೇ ಬೆರಳಿಗೆ ತಿರುಗುತ್ತೆ, ಅಂದೆ, ಹೆಮ್ಮೆಯಿಂದಲೇ.
'ಹಂಗಾದ್ರೆ ಇದು ಅದಲ್ಲ ಬಿಡ್ರಿ.'

ಚಾಸಿಯ ಮೇಲಿಟ್ಟಿದ್ದ ಕೈ ತೆಗೆದರು.
ಬೆರಳು ನೋಡಿಕೊಂಡರು.
ಕೆಂಪು.
ಒರೆಸಿಕೊಳ್ಳಲಿಲ್ಲ, ಏನೂ ಅನ್ನಲಿಲ್ಲ,
ಟ್ಯೂಬು ಹೆಗಲಿಗೆ ಹಾಕಿಕೊಂಡು ಹೋದರು,
ಪಂಕ್ಚರ್ ಹಾಕಿಸುವುದನ್ನೇ ಮರೆತು.

ದಸ್ತಗಿರಿ ಸ್ಪ್ಯಾನರ್ ಒರೆಸುತ್ತ ಬಹಳ ಹೊತ್ತು ಕೂತಿದ್ದ.
'ಹಳೇ ಬಾಕ್ಸು ಮಾರಿದೆ ಅಂದಿದ್ನಲ್ಲ ಮಾಸ್ಟ್ರೇ,
ಮಾರಿಲ್ಲ. ತಗಡಿನ ಕೆಳಗೈತೆ.'

ಐದು ಗೇರು ಬಿಟ್ಟು ನಾಲ್ಕಕ್ಕೆ ಇಳಿಯುವವರು
ಯಾರಾದರೂ ಇದ್ದಾರೆಯೇ ಈ ಊರಲ್ಲಿ?
ಬರುವ ಚೀಟಿ ದುಡ್ಡು ಮುಂದಿನ ಲೈಟಿಗೆಂದು
ಆಗಲೇ ಲೆಕ್ಕ ಹಾಕಿಟ್ಟಿದ್ದೇನೆ.
ಬೇವಿನ ಕೊಂಬೆಯಲ್ಲಿ ಖಾಲಿ ಚೈನು
ಗಾಳಿಗೆ ಅಲ್ಲಾಡುತ್ತಿದೆ.