ಹನ್ನೊಂದು ಕಿಲೋಮೀಟರು

ರಾತ್ರಿ ಪಾಳಿ. ಲ್ಯುಬ್ಲಿಯಾನಾ, ನಾಲ್ಕನೇ ಮಹಡಿ.
ಕೆಟಲಿನ ನೀರು ಎರಡನೇ ಸಲ ಆರಿಹೋಗಿದೆ.
ಪರದೆಯ ಮೇಲೆ ಐವತ್ತೊಂದು ನಾಳೆಗಳು:
ಒಂದೇ ಆಕಾಶವನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ
ಯಂತ್ರ ಹೆತ್ತ ಮಕ್ಕಳು.
ನಲವತ್ತನಾಲ್ಕು, ಜಡಿಮಳೆ ಅಷ್ಟೆ, ಅಂದವು.
ಏಳು ಮಾತ್ರ
ಲಿಪ್ಯೆ ಕಣಿವೆಯ ಮೇಲೆ ಗಾಢ ನೇರಳೆ ಚೆಲ್ಲಿ
ಸುಮ್ಮನೆ ಕೂತವು.

ಏಳು.
ಇಷ್ಟಕ್ಕೆ ಯಾರ ಬಾಗಿಲು ಬಡಿಯುವುದು?
ಹೋದ ವರ್ಷ ಹದಿನೈದಕ್ಕೆ ಬಡಿದಿದ್ದೆ,
ಬಂದದ್ದು ಅಂಗಳ ನೆನೆಯುವಷ್ಟು.
ಬೇಕರಿಯ ಮಾರ್ಯೆತಾ,
ನಾದಿಟ್ಟ ಹಿಟ್ಟು ಹುಳಿತು ಹಾಳಾಯಿತೆಂದು
ಕಚೇರಿಗೆ ಬಿಲ್ಲು ಕಳಿಸಿದ್ದಳು, ಸ್ಟಾಂಪು ಹಚ್ಚಿ.

ಆದರೂ ಫೋನು ಮಾಡಿದೆ.
ಎತ್ತಿದವನು ಸ್ತಾನೆ, ಊರಿನ ಅಗ್ನಿಶಾಮಕ ದಳದ ಹಿರಿಯ,
ಹಲ್ಲಿನ ಸೆಟ್ಟು ಇನ್ನೂ ಲೋಟದಲ್ಲೇ ಇತ್ತೇನೋ.
‘ಎಷ್ಟು ಖಚಿತ?’
‘ಏಳಕ್ಕೆ ಒಂದು.’
‘ಏಳು ಮನೆಗೆ ಒಂದೋ, ಏಳು ರಾತ್ರಿಗೆ ಒಂದೋ?’
ವಿವರಿಸಬಹುದಿತ್ತು, ಹೊತ್ತಿರಲಿಲ್ಲ.
‘ಎಬ್ಬಿಸು’ ಅಂದೆ.

ಲಿಪ್ಯೆ ಎದ್ದಿತು, ಬೈದುಕೊಂಡು.
ಇನ್ನೂರ ಆರು ಜನ, ಕೋಳಿಗಳು,
ಗೋಡೆಗಡಿಯಾರ ಅಪ್ಪಿಕೊಂಡ ಒಬ್ಬ ಮುದುಕಿ
ಗುಡ್ಡದ ಮೇಲಿನ ಶಾಲೆಯ ಆಟದ ಕೋಣೆಯಲ್ಲಿ
ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಚಾಪೆ ಹಾಸಿ ಕಾದರು.
ಕಿಟಕಿಯಾಚೆ
ಸೋನೆ.

ಮೂರು ಗಂಟೆ ಹತ್ತು ನಿಮಿಷಕ್ಕೆ ರೇಡಾರು ತೋರಿಸಿತು:
ಮೋಡ ಬಂದಿದೆ, ನಾನು ಹೇಳಿದ ಹೊತ್ತಿಗೇ,
ನಾನು ಹೇಳಿದಷ್ಟೇ ದಪ್ಪಕ್ಕೆ,
ಬೆಟ್ಟಕ್ಕೆ ಬೆನ್ನು ಕೊಟ್ಟು ನಿಂತಿದೆ, ಗೂಟಕ್ಕೆ ಕಟ್ಟಿದ ಹಾಗೆ,
ಆದರೆ ಆಚೆಯ ಬದಿಗೆ.
ಯಾವೊರ್ಯೆ.
ಹನ್ನೊಂದು ಕಿಲೋಮೀಟರು.
ನಕ್ಷೆಯಲ್ಲಿ ಅದು ನನ್ನ ಕಿರುಬೆರಳ ಉಗುರು.
ಅಲ್ಲಿಗೆ ನಾನು ಫೋನು ಮಾಡಿರಲಿಲ್ಲ.

ನಮ್ಮ ಕಸುಬಿನಲ್ಲೊಂದು ಲೆಕ್ಕವಿದೆ.
ಬರುತ್ತದೆಂದ ಕಡೆ ಬರಲಿಲ್ಲ: ಒಂದು ತಪ್ಪು.
ಬಂದ ಕಡೆ ಬರುತ್ತದೆ ಅನ್ನಲಿಲ್ಲ: ಇನ್ನೊಂದು.
ಮೋಡ ಒಂದೇ, ದಂಡ ಎರಡು.
ನೂರ ಎಂಬತ್ತು ಮಿಲಿಮೀಟರು ಅಂದಿದ್ದೆ,
ನೂರ ಎಪ್ಪತ್ತಾರು ಬಿತ್ತು. ಅದಕ್ಕೆ
ಅಂಕ ಕೊಡುವವರಿಲ್ಲ.
ಕೊಡಬಾರದು ಕೂಡ.
ಗರಗಸದ ಮಿಲ್ಲಿನ ಕಾವಲುಗಾರ ವೆಂಚೆಸ್ಲಾವ್
ಶುಕ್ರವಾರ ಸಿಕ್ಕ, ದಿಮ್ಮಿಗಳ ನಡುವೆ.

ಕೋಷ್ಟಕದಲ್ಲಿ ಬರೆಯಲು ಮನೆಯಿಲ್ಲದ್ದು ಇದು:
ಆ ರಾತ್ರಿ ಲಿಪ್ಯೆ ಎಚ್ಚರವಿತ್ತು.
ಕಾಲಿಗೆ ಬೂಟು, ಟ್ರಾಕ್ಟರಿಗೆ ಪಂಪು, ಬಾಯಲ್ಲಿ ನನಗೆ ಬೈಗುಳ.
ಆಚೆಯಿಂದ ಚರ್ಚಿನ ಗಂಟೆ ಹೊತ್ತಲ್ಲದ ಹೊತ್ತಿನಲ್ಲಿ ಬಡಿದಾಗ
ಯಾರೂ ನಿದ್ದೆಯಿಂದ ಏಳಬೇಕಿರಲಿಲ್ಲ.
ಗುಡ್ಡ ಹತ್ತಿ ಇಳಿಯಲು ನಲವತ್ತು ನಿಮಿಷ.
ಪಟ್ಟಣದ ಲಾರಿ ಬಂದದ್ದು ಎಂಟಕ್ಕೆ,
ಅಷ್ಟರಲ್ಲಿ ಮಿಲ್ಲಿನ ಸೂರಿನಿಂದ ಒಂಬತ್ತು ಜನರನ್ನು
ಮಾರ್ಯೆತಾಳ ಬ್ರೆಡ್ಡಿನ ವ್ಯಾನು ಹೊತ್ತು ತಂದಿತ್ತು.

ಇದನ್ನು ಸರಿ ಅನ್ನಲೋ?
ತಪ್ಪೇ. ತಪ್ಪಿನ ಬಗಲಲ್ಲಿ ನಡೆದು ಬಂದದ್ದು,
ನಾನು ಕರೆಯದೆ.
ವರದಿಯಲ್ಲಿ ಎರಡು ದಂಡಗಳನ್ನೂ ತುಂಬಿ ಸಹಿ ಹಾಕಿದೆ: ಬ್ರೆಡಾ.

ನಿನ್ನೆ ಸ್ತಾನೆಯ ಫೋನು.
ಹುಲ್ಲು ಕೊಯ್ದಿದ್ದಾನಂತೆ, ಭಾನುವಾರ ಒಣಹಾಕಲೋ ಬೇಡವೋ?
‘ನಲವತ್ತು ಪ್ರತಿಶತ’ ಅಂದೆ.
ನಗುವಿನ ಹಿಂದೆ ಕೆಮ್ಮು ಬಂತು.
‘ಗುಡ್ಡದ ಯಾವ ಬದಿಗೆ?’

ನನ್ನ ಚೌಕದೊಳಗೆ ಅವನ ಹುಲ್ಲು, ಚರ್ಚು, ಹೊಳೆ,
ಅರ್ಧ ಗುಡ್ಡ, ಎಲ್ಲಕ್ಕೂ ಒಂದೇ ಅಂಕಿ.
ಹಾಗೆಂದು ಹೇಳಿದೆ.
‘ಸರಿ, ಟಾರ್ಪಾಲು ಹತ್ತಿರ ಇಟ್ಟಿರುತ್ತೇನೆ’ ಅಂದು
ಇಟ್ಟುಬಿಟ್ಟ.