ಎಕ್ಸರೇದಾಗ ಕಾಣದ್ದು

ಎಲುಬು ಛಲೋ ಅದಾವ ಅಂದ್ರು ಡಾಕ್ಟರು,
ಕರೀ ಹಾಳಿ ಬೆಳಕಿಗೆ ಹಿಡದು.
ಜೋಳದ ತೆನಿ ಹಂಗ ನನ್ನ ಬೆನ್ನು ಅಲ್ಲಿ
ಸಾಲಾಗಿ, ಸುಮ್ಮನ,
ಏನೂ ತಪ್ಪು ಮಾಡದವರಂಗ ನಿಂತಿತ್ತು.
ನನಗ ಖುಷಿ ಆಗಬೇಕಿತ್ತು.
ಸಿಟ್ಟು ಬಂತು.
ಮೂರು ತಿಂಗಳ ನಿದ್ದಿ ಕಸಗೊಂಡದ್ದು
ಫೋಟೋ ತಗಿಯೂವಾಗ ಎಲ್ಲಿ ಅಡಗಿತ್ತು?

ಹಾವೇರಿ ದೊಡ್ಡ ದವಾಖಾನಿ, ಕಡೀ ಖೋಲಿ.
ಕೊರಳಾಗ ಸಣ್ಣ ತಾಯತ, ಬಿಳೀ ಕೋಟಿನ ಹುಡುಗಿ
ಹೆಬ್ಬೆರಳು ಊರಿದಳು ಟೊಂಕದ ಬಲಕ್ಕ.
"ಇಲ್ಲೇನ್ರಿ?"
ಹೂಂ ಅನ್ನೂದಕ್ಕಿಂತ ಮೊದಲ
ಸತ್ತ ನಮ್ಮವ್ವನ್ನ ಕರದಿದ್ದೆ.
"ಇದು ಎಲುಬಲ್ಲರಿ, ಸ್ನಾಯು.
ತೊಯ್ದ ಹಗ್ಗ ಬಿಸಲಿಗೆ ಒಣಗಿ ಬಿಗದ್ಹಂಗ ಆಗೈತಿ.
ದಿನಾ ಎಷ್ಟು ತಾಸು ಕುಂದರತೀರಿ?"

ತಾಸಿನ ಪಗಾರ ಅಲ್ಲವಾ ನಮ್ಮದು.
ಕಿಲೋ ಲೆಕ್ಕ.

ಸಂಕ್ರಾಂತಿ ದಾಟಿತಂದ್ರ ಬ್ಯಾಡಗಿ ಘಾಟು ಹಿಡೀತೈತಿ.
ಬಸ್ಸಿನ ಕಿಟಕಿ ತಗದವರು
ಸ್ಟ್ಯಾಂಡು ಬರೂತನಕ ಸೀನತಾರ.
ನಾವು ಸೀನೂದಿಲ್ಲ.
ಕೆಂಪು ಗುಡ್ಡದ ಬುಡಕ್ಕ ಗೋಣಿತಟ್ಟು ಹಾಸಿ
ಒಂದು ಕಾಲು ಮಡಚಿ, ಒಂದು ಚಾಚಿ,
ಎಡಗೈಲೆ ಹಿಡಿ, ಬಲಗೈಲೆ ಮುರಿ,
ಕಾಯಿ ಅತ್ತ, ತೊಟ್ಟು ಇತ್ತ.
ಸೀನು ಬಂದ್ರ ಮೂಗು ಒತ್ತಿ ನುಂಗೂದು,
ಯಾಕಂದ್ರ ಈ ಟೊಂಕ ಇಟಗೊಂಡು
ಸೀನೂದಂದ್ರ ಚೂರಿ ಹಾಕಿಸ್ಕೊಂಡ್ಹಂಗ.

ಮೊದಲ ನಾನೂ ಏನೇನೋ ಮಾಡೀನಿ.
ಅಂಗಡ್ಯಾಗ ನೋವಿನ ಪಟ್ಟಿ ಕೊಂಡೆ,
ಪಾಕೀಟಿನ ಮ್ಯಾಲ ಮೆಣಸಿನಕಾಯಿ ಚಿತ್ರ!
ಬೆಳಗಿಂದ ಸಂಜೀತನ ಅದರಾಗ ಮುಳುಗಿದಾಕಿ
ರೊಕ್ಕ ಕೊಟ್ಟು ಅದನ್ನ ಬೆನ್ನಿಗೆ ಅಂಟಿಸಿಕೊಂಡೆ.
ಮಾಬೂಬಿ ಗುಡ್ಡಕ್ಕ ಬಿದ್ದು ನಕ್ಕಳು.
ಅಕಿ ಮೊಮ್ಮಗ ಬೆನ್ನಿನ ಮ್ಯಾಲ ನಡದಾಡಿದ,
ಹುಬ್ಬಳ್ಳಿ ಹುಬ್ಬಳ್ಳಿ ಅಂತ ಕಂಡಕ್ಟರ ಹಂಗ ಕೂಗಕೋತ.
ಆ ಮಾತು ಹುಡುಗಿ ಮುಂದ ಹೇಳಲಿಲ್ಲ.

ಅಕಿ ಹೇಳಿದ್ದು ಭಾಳ ಇಲ್ಲ.
ಒಂದ ಕಡೆ ಜಡಿದ್ಹಂಗ ಕುಂದರಬ್ಯಾಡ್ರಿ. ನಡೀರಿ.
ಬೆಚ್ಚಗ ಕಾಸಿರಿ. ಮಲಗಿದ್ರ ಕಾಲು ಎತ್ತರಕ್ಕ ಇಡ್ರಿ.
ಕಾಲಾಗ ಜೋಮು ಇಳದ್ರ ಮಾತ್ರ ತಡಾ ಮಾಡದ ಬರ್ರಿ.

ಐದು ಬುಟ್ಟಿ ತುಂಬೂತನ ಏಳದಾಕಿ ನಾ
ಈಗ ಬುಟ್ಟಿಗೊಮ್ಮೆ ಏಳತೇನಿ,
ತಕ್ಕಡೀತನ ನಾನ ಒಯ್ಯತೇನಿ, ಎದಿಗೆ ಅಪ್ಪಿಕೊಂಡು.
ಗುಮಾಸ್ತ ಚನ್ನವೀರಯ್ಯ ಕನ್ನಡಕದ ಮ್ಯಾಲಿಂದ ನೋಡತಾನ,
"ಎಷ್ಟು ಸಲ ಏಳತೀಬೇ ನಿಂಗವ್ವಾ?"
ಟೊಂಕ ಕಟ್ಟಿ ನಿಂತಾಳ ಅಂತ ಹೊಗಳಾಂವ ಇಂವನ.
ಕಟ್ಟಿದ್ದು ಬಿಚ್ಚಾಕ ಒಂದು ಹೊತ್ತು ಬೇಕಲ್ಲೋ ಯಪ್ಪಾ.

ರಾತ್ರಿ ಹಂಚಿನ ಮ್ಯಾಲ ಹಳ್ಳುಪ್ಪು ಚಟಚಟ ಅಂತೈತಿ.
ಹಳೇ ಧೋತರದಾಗ ಗಂಟು ಕಟ್ಟಿ ಕಾಸಿ
ನೆಲಕ್ಕ ಬೆನ್ನು ಕೊಟ್ಟು,
ಮೀನಗಂಡ ಚೀಲದ ಮ್ಯಾಲಿಟ್ಟು ಮಲಗತೇನಿ.
ಆವಾಗ ಗೊತ್ತಾತು:
ಮಲಗಿದ್ರೂ ನಾ ಎತ್ತಿ ಹಿಡಿದಿದ್ದೆ ನನ್ನನ್ನ,
ಬಿಟ್ಟರ ಯಾರೋ ತೂಕದಾಗ ಕಡಿತಾರೇನೋ ಅನ್ನೂವ್ಹಂಗ.
ಹಲ್ಲು ಕಚ್ಚಿದಂತ ಬೆನ್ನು ಕಚ್ಚಿಕೊಂಡು
ಎಷ್ಟು ವರ್ಷ ಆದ್ವೋ.
ಹಿಡಿಯೂದು ಬಲ್ಲೆ, ಮುರಿಯೂದು ಬಲ್ಲೆ.
ಬಿಡೂದು ಹೆಂಗ?
ಉಸಿರು ಹೊರಗ ಹೋಗೂವಾಗ ಒಂಚೂರು,
ಮತ್ತೊಂಚೂರು. ಗಡಿಬಿಡಿ ಇಲ್ಲ.
ಜಂತಿ ಮ್ಯಾಲಿನ ಹಲ್ಲಿ ಕೂಡ ಕಾಯತಿತ್ತು.

ಹೋಗೈತೇನ ನೋವು? ಇಲ್ಲ.
ಮೋಡ ಮುಚ್ಚಿದ ದಿನ ಬಂದು ಮಾತಾಡಿಸಿ ಹೋಗತೈತಿ.

ಆದರ ನಿನ್ನೆ ರಾತ್ರಿ,
ಕಾಲಬುಡದ ಚೀಲದಿಂದ ಘಾಟು ಎದ್ದು
ಮೂಗು ಒತ್ತೂದರಾಗ
ಸೀನಿಬಿಟ್ಟೆ, ತಗಡು ನಡಗೂವ್ಹಂಗ.
ಟೊಂಕ ಏನೂ ಅನ್ನಲಿಲ್ಲ.

ಒಂಟಿ ಸೀನು ಛಲೋ ಅಲ್ಲ ಅಂತಾರ.
ಅಂಗಾತ ಮಲಗಿದಾಕಿ, ಬಾಯಿ ತಗದು,
ಇನ್ನೊಂದಕ್ಕ ಕಾಯಕೋತ ಇದ್ದೆ.