ಹಳದಿ ಬರಲಿಲ್ಲ

ನೋವಿದ್ದಿದ್ರೆ ಯಾವತ್ತೋ ಬರ್ತಿದ್ದೆ ಮೇಡಂ, ಅಂದರು ಪಳನಿವೇಲು.
ಕರವಸ್ತ್ರದ ಗಂಟು ಬಿಚ್ಚಿ ಮೇಜಿನ ಮೇಲಿಟ್ಟರು:
ಅರ್ಧ ಕೋಡುಬಳೆ,
ಅದರಲ್ಲಿ ನೆಟ್ಟಗೆ ನಿಂತ ಅವರದೇ ಹಲ್ಲು.
ಹುಳುಕಿಲ್ಲ, ಮುಕ್ಕಿಲ್ಲ.
ಬೇರಿನ ತುದಿಯವರೆಗೂ ಕಪ್ಪು ಕಿಟ್ಟ.

ಭದ್ರಾವತಿಯಿಂದ ಬೆಳಗಿನ ಪ್ಯಾಸೆಂಜರಿಗೆ ಶಿವಮೊಗ್ಗಕ್ಕೆ ಬಂದವರು.
ಕಾಗದದ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ
ಸೈರನ್ ಕೋಣೆಯ ಕೆಲಸ.
ಬಾಯಿ ತೆರೆಸಿದೆ. ಅಳತೆಕಡ್ಡಿ ಇಳಿಸಿದೆ
ಒಸಡಿಗೂ ಹಲ್ಲಿಗೂ ನಡುವೆ.
ಮೂರು ಮಿಲಿಮೀಟರಿಗೆ ನಿಲ್ಲಬೇಕಾದದ್ದು
ಏಳಕ್ಕೆ ಇಳಿಯಿತು, ಎಂಟಕ್ಕೆ,
ಬಾವಿಗೆ ಬಿಟ್ಟ ಹಗ್ಗದ ಹಾಗೆ.
ರಕ್ತ ಬಂತು, ಸದ್ದಿಲ್ಲದೆ.
ಅವರು ಫ್ಯಾನು ನೋಡುತ್ತಿದ್ದರು.

ಆ ಬಾಯಿ ಇಷ್ಟು ವರ್ಷ ಯಾಕೆ ಸುಮ್ಮನಿತ್ತು ಎಂಬುದಕ್ಕೆ
ನನ್ನ ಬಳಿ ಅರ್ಧ ಉತ್ತರವಿತ್ತು, ಮಹಡಿಯ ಮೇಲೆ,
ಮೂವತ್ತೇಳು ಡಿಗ್ರಿಯ ಪೆಟ್ಟಿಗೆಯಲ್ಲಿ.

ಅಲ್ಲಿ ಒಸಡಿನ ಕೋಶಗಳನ್ನು ಸಾಕುತ್ತೇನೆ, ಗುಲಾಬಿ ನೀರಿನಲ್ಲಿ.
ಒಂದು ದಿನ ಕಳೆದ ಮೇಲೆ ಆ ನೀರನ್ನು
ತೊಂಬತ್ತಾರು ಗುಳಿಗಳ ತಟ್ಟೆಗೆ ಹನಿಸುತ್ತೇನೆ,
ಚೆನ್ನೆಮಣೆಗೆ ಕಾಯಿ ಬಿತ್ತಿದಂತೆ.
ಯಾವುದೋ ಸಾದಾ ಕ್ರಿಮಿಯನ್ನು ಬಿಟ್ಟಿದ್ದರೆ
ಕೋಶಗಳು ಕೂಗಿರುತ್ತವೆ:
ಬನ್ನಿ ಬಿಳಿಕಣಗಳೇ, ಇಲ್ಲಿ, ಈ ಓಣಿಯಲ್ಲಿ.
ಕೂಗೆಂದರೆ ಒಂದು ಸಣ್ಣ ಪ್ರೋಟೀನು.
ಅದು ನನಗೆ ಹಳದಿಯಾಗಿ ಕಾಣುತ್ತದೆ.

ಒಸಡು ಕೊಳೆಸುವ ಆ ಕ್ರಿಮಿಯನ್ನು ಬಿಟ್ಟಾಗ
ಹಳದಿ ಬರಲಿಲ್ಲ.
ಕೈ ತಪ್ಪಿರಬೇಕೆಂದು ಮತ್ತೆ ಮಾಡಿದೆ.
ಬರಲಿಲ್ಲ.
ಎರಡೂ ಕ್ರಿಮಿಗಳನ್ನು ಒಟ್ಟಿಗೆ ಬಿಟ್ಟೆ.
ಕೂಗುತ್ತಿದ್ದವೂ ಸುಮ್ಮನಾದವು.
ಕೋಶಗಳು ಸತ್ತಿರಲಿಲ್ಲ. ಉಂಡುಕೊಂಡು, ಉಸಿರಾಡಿಕೊಂಡು
ಚೆನ್ನಾಗಿಯೇ ಇದ್ದವು,
ಬಂದವನನ್ನು ಒಡಲೊಳಗೇ ಮಲಗಿಸಿಕೊಂಡು.

ಬಾಯಿ ಮುಕ್ಕಳಿಸುತ್ತ ಪಳನಿವೇಲು ಹೇಳಿದರು:
ಒಂದ್ಸಲ ಗೋಡೌನಿಗೆ ಬೆಂಕಿ ಬಿತ್ತು. ರಾತ್ರಿ ಪಾಳಿ.
ಪಾಳಿ ಸೈರನ್ ಬೇರೆ, ಬೆಂಕಿ ಸೈರನ್ ಬೇರೆ.
ಬೆಂಕೀದು ಎಳೆದೆ. ಬುಸ್ ಅಂತು ಅಷ್ಟೇ.
ಮತ್ತೆ ಬಾಯಿ ತೆರೆಸಿದೆ. ಕೆಳಗಿನ ಸಾಲು.
ಉಗುಳಿ: ಕಡಜ ಮೇಡಂ. ಕೊಳವೆ ತುಂಬ ಮಣ್ಣಿನ ಗೂಡು.
ಮತ್ತೆ ತೆರೆಸಿದೆ. ಮೇಲಿನ ಸಾಲು.
ಕಿರುಚಿಕೊಂಡು ಓಡಿದೆ. ಬಂದ್ರು ಎಲ್ಲಾ, ತಡವಾಗಿ.
ಎಲ್ಲಿ ಅಂತ ಗೊತ್ತಿಲ್ಲ, ಕಂಡಲ್ಲೆಲ್ಲ ನೀರು ಹೊಡೆದ್ರು.
ಬೆಂಕಿ ತಿಂದಿದ್ದು ಆರು ಸುರುಳಿ ಕಾಗದ.
ನೀರಿಗೆ ಹೋಗಿದ್ದು ನಾಲ್ಕುನೂರು.

ಎಕ್ಸ್‌ರೇ ಕಿಟಕಿಯ ಬೆಳಕಿಗೆ ಹಿಡಿದೆ.
ದವಡೆಯ ಎಲುಬು ಅಲ್ಲಲ್ಲಿ ಕುಸಿದಿತ್ತು,
ನೆರೆ ಇಳಿದ ಮೇಲಿನ ತುಂಗೆಯ ದಡದಂತೆ.
ಇದನ್ನು ಹೆಚ್ಚು ತಿಂದದ್ದು ಕ್ರಿಮಿಯಲ್ಲ, ಎಂದೆ.
ಕಾಯಲು ಬಂದ ನಿಮ್ಮವರೇ.
ಹೇಳಿ ಮುಗಿಸಿದ ಮೇಲೆ ಹೇಳಬಾರದಿತ್ತು ಅನ್ನಿಸಿತು.
ಅವರು ತಲೆಯಾಡಿಸಿದರು,
ನಾಲ್ಕುನೂರನ್ನೂ ಒಂದೊಂದಾಗಿ ಎಣಿಸಿದವರ ಹಾಗೆ.
ಸಂಬಳ ಕಡಿದ್ರು, ಅಂದರು. ಕಡಜಕ್ಕಲ್ಲ, ನನಗೆ.

ಈಗ ಆ ಸೈರನ್ ಇಲ್ಲ, ಪಾಳಿಯೂ ಇಲ್ಲ.
ಆದ್ರೂ ಐದೂಮುಕ್ಕಾಲಿಗೆ ಬಲಗೈ ತಾನಾಗೇ ಮೇಲೇಳುತ್ತಂತೆ
ಹಾಸಿಗೆಯಲ್ಲೇ, ಸರಪಳಿ ಹುಡುಕುತ್ತ.
ಹೆಂಡತಿ ಸೆಲ್ವಿ ಬೈಯುತ್ತಾಳಂತೆ.

ಮುಂದಿನ ಮಂಗಳವಾರಕ್ಕೆ ಚೀಟಿ ಬರೆದೆ.
ಆ ಹಲ್ಲು ನಾನಿಟ್ಟುಕೊಳ್ಳಲೇ ಎಂದರೆ
ಕಿತ್ತು ಕೊಟ್ಟರು.
ಕೋಡುಬಳೆಯನ್ನು ಮಾತ್ರ ವಾಪಸ್ ಗಂಟು ಕಟ್ಟಿಕೊಂಡರು.

ರಾತ್ರಿ, ದುರ್ಗಿಗುಡಿಯ ನನ್ನ ರೂಮಿನಲ್ಲಿ
ಬ್ರಷ್ಷಿನ ನೊರೆ ತುಸು ಕೆಂಪಾಗಿತ್ತು.
ನಲ್ಲಿ ತಿರುಗಿಸಿದೆ.
ಹೋಯಿತು.